ಗ್ಯಾಸ್‌ಗೆಂದೇ ಕಟ್ಟಿದ ಎಂಜಿನ್

ಗ್ಯಾಸ್ (ಎಲ್‌ಪಿಜಿ) ಹಾಕಿದ ಗಾಡಿ ಘಾಟ್ ಹತ್ತಲ್ಲ ಅಂತ ಶಿರಸಿ ಕಡೆ ಹೇಳುವುದುಂಟು. ಪೂರ್ತಿ ಸುಳ್ಳಲ್ಲ. ಪೆಟ್ರೋಲ್ ಎಂಜಿನ್‌ಗೆ ಸುಮ್ನೆ ಕಿಟ್ ಸಿಕ್ಕಿಸಿದರೆ ಎಳೆತ ಬೀಳುತ್ತದೆ. ಗ್ಯಾಸ್ ಆವಿಯಾಗಿ ಒಳಗೆ ಹೋಗಿ ಗಾಳಿಯ ಜಾಗ ಹಿಡಿಯುತ್ತದಲ್ವಾ! ಆ ನಷ್ಟ ತುಂಬಿಕೊಳ್ಳಲು ಕಂಪ್ರೆಶನ್, ಅಂದರೆ ಪಿಸ್ಟನ್ ಮಿಶ್ರಣವನ್ನು ಒತ್ತುವ ಪ್ರಮಾಣ, ಏರಿಸಬೇಕು. ನನ್ನ ಹಳೆಯ ಕಾರ್ಬ್ಯುರೇಟರ್ ಜಿಪ್ಸಿಗೆ ಅದನ್ನೇ ಮಾಡಿದೆ.

ಕಂಪ್ರೆಶನ್ ಏರಿದಾಗ ಇಂಧನ ಹೊತ್ತಿಗೆ ಮೊದಲೇ ಸಿಡಿಯಬಾರದು; ಅದನ್ನು ತಾಳುವ ಶಕ್ತಿಯ ಅಳತೆಯೇ ಆಕ್ಟೇನ್. ಎಲ್‌ಪಿಜಿಯಲ್ಲಿರುವ ಪ್ರೊಪೇನ್‌ಗೆ ಅದು 100 ದಾಟುತ್ತದೆ. ಬರೀ ಪ್ರೊಪೇನ್ ಆದರೆ 12:1 ಕಂಪ್ರೆಶನ್‌ಗೂ ಕೈಹಾಕಬಹುದು. ಆದರೆ ನಮ್ಮ ಬಂಕಿನ ಆಟೋ ಎಲ್‌ಪಿಜಿಯಲ್ಲಿ ಬ್ಯೂಟೇನ್ ಕೂಡ ಇರುತ್ತದೆ, ಅದರ ಆಕ್ಟೇನ್ ಕಡಿಮೆ. ಹಾಗಾಗಿ 10.5ಕ್ಕೆ ನಿಲ್ಲಿಸಿದೆ. ತಲೆ ಉಬ್ಬಿದ ಡೋಮ್ ಪಿಸ್ಟನ್ ಹಾಕಿ, ಸಿಲಿಂಡರಿನ ಮೇಲೆ ಕೂರುವ ಹೆಡ್‌ನ ತಳ ಸ್ವಲ್ಪ ಕೆರೆಸಿದ್ದು. "ಹೆಗಡೇರೆ, ಇನ್ನು ಪೆಟ್ರೋಲಿಗೆ ವಾಪಸ್ ಹೋಗೂಕೆ ಬರೂದಿಲ್ಲ ನೋಡಿ" ಅಂದರು ಲೇತಿನವರು. ಅಡ್ಡಿಲ್ಲ ಅಂದೆ.

ಹೆಡ್ ಕೂರಿಸುವ ಮೊದಲು ವಾಲ್ವ್ ಪಿಸ್ಟನ್‌ಗೆ ತಾಗುತ್ತದೋ ನೋಡಲೇಬೇಕು. ಮಕ್ಕಳು ಆಡುವ ಕ್ಲೇಯನ್ನು ಪಿಸ್ಟನ್ ತಲೆಗೆ ಮೆತ್ತಿ, ಮೇಲೆ ಚೂರು ಎಣ್ಣೆ ಸವರಿದೆ. ಹಳೆಯ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿದು, ಬೆಲ್ಟ್ ಹಾಕಿ, ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿದೆ. ಬಿಚ್ಚಿದರೆ ವಾಲ್ವಿನ ಅಚ್ಚು ಚೆನ್ನಾಗಿ ಮೂಡಿತ್ತು. ಬ್ಲೇಡಿನಿಂದ ಸೀಳಿ ವರ್ನಿಯರ್ ಹಿಡಿದು ನೋಡಿದಾಗ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಕಡೆ ಕ್ಲೇ ತೆಳು, ಅಂದರೆ ಅಂತರ ಸಾಲದು. ವಾಲ್ವಿಗೆಂದು ಪಿಸ್ಟನ್ನಿನಲ್ಲಿರುವ ಗುಳಿಯನ್ನು (ಪಾಕೆಟ್) ಅಲ್ಲಿ ಇನ್ನಷ್ಟು ಕೊರೆಸಿದೆ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಎಂಜಿನ್ ಕಟ್ಟುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಗ್ಯಾಸ್ ಒಣ ಇಂಧನ, ವಾಲ್ವ್ ಕೂರುವ ಸೀಟುಗಳನ್ನು ಬೇಗ ತಿನ್ನುತ್ತದೆ. ಗಟ್ಟಿ ಸೀಟು ಹಾಕಿಸಿದೆ. ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗುತ್ತಿದ್ದ ಬಿಸಿನೀರಿನ ಪೈಪು ತಪ್ಪಿಸಿದೆ. ಪೆಟ್ರೋಲ್ ಆವಿಯಾಗಲು ಆ ಬಿಸಿ ಬೇಕು, ಗ್ಯಾಸ್‌ಗೆ ಬೇಡ. ತಣ್ಣಗಿನ ಗಾಳಿ ಜಾಸ್ತಿ ತುಂಬುತ್ತದೆ. ಅದೇ ನೀರನ್ನು ವೇಪರೈಸರ್‌ಗೆ ಕೊಟ್ಟೆ. ದ್ರವ ಗ್ಯಾಸ್ ಅಲ್ಲಿ ಆವಿಯಾಗುವಾಗ ಶಾಖ ಹೀರುತ್ತದೆ, ನೀರು ಸಾಲದಿದ್ದರೆ ಅದರ ಮೈಮೇಲೆ ಹಿಮ ಕಟ್ಟುತ್ತದೆ. ವೇಪರೈಸರನ್ನು ರೇಡಿಯೇಟರ್ ಮಟ್ಟಕ್ಕಿಂತ ಕೆಳಗೇ ಇಟ್ಟರೆ ಗಾಳಿ ಸಿಕ್ಕಿ ನೀರು ನಿಲ್ಲುವ ಏರ್ ಲಾಕ್ ತಲೆನೋವಿಲ್ಲ.

ಅಡ್ವಾನ್ಸ್ ಅಂದರೆ ಕಿಡಿ ಎಷ್ಟು ಮುಂಚೆ ಹಾರಬೇಕು ಅನ್ನುವುದು. ಟೈಮಿಂಗ್‌ನಲ್ಲಿ ಐಡಲ್ (ಗಾಡಿ ನಿಂತು ಎಂಜಿನ್ ಓಡುವಾಗಿನ) ಅಡ್ವಾನ್ಸ್ ಹೆಚ್ಚಿಸಿ, ಒಟ್ಟು ಅಡ್ವಾನ್ಸ್ ತಗ್ಗಿಸಿದೆ. ಬೇಗ ತಣಿಯುವ ಕೋಲ್ಡ್ ಪ್ಲಗ್, ಕಿಡಿ ಹಾರುವ ಗ್ಯಾಪ್ ಚಿಕ್ಕದು.

ಅಡುಗೆ ಸಿಲಿಂಡರ್ ಗಾಡಿಗೆ ಹಾಕುವುದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಕುತ್ತು. ಮಾನ್ಯತೆ ಇರುವ ಟ್ಯಾಂಕ್, ಆರ್‌ಸಿಯಲ್ಲಿ ನಮೂದು, ಎರಡೂ ಮಾಡಿಸಿಕೊಂಡೆ.

ದೇವಿಮನೆ ಘಾಟಿನ ಏರಿನಲ್ಲಿ ಈಗ ಗೇರ್ ಇಳಿಸುವುದು ಕಡಿಮೆ. ಮೈಲೇಜ್ ಮಾತ್ರ ಕೇಳಬೇಡಿ. ಲೀಟರಿಗೆ ಪೆಟ್ರೋಲ್‌ಗಿಂತ ಸುಮಾರು ಕಾಲು ಭಾಗ ಶಕ್ತಿ ಕಡಿಮೆ, ಟ್ಯಾಂಕೂ ಶೇಕಡಾ 80ರ ಮೇಲೆ ತುಂಬುವಂತಿಲ್ಲ. ಕುಮಟಾಕ್ಕೆ ಇಳಿಯುವ ಮೊದಲು ಗೇಜ್ ನೋಡಿಕೊಂಡೇ ಹೊರಡುತ್ತೇನೆ.