ಬಾಲನಟರಿಗೆ ಭಾವ ಹೇಳಿಕೊಡಲ್ಲ, ಕೆಲಸ ಕೊಡ್ತೀನಿ

ಸಿನಿಮಾಗೆ ಮಕ್ಕಳನ್ನು ಆರಿಸುವುದು, ತಯಾರು ಮಾಡುವುದು, ಶೂಟಿಂಗ್ ಮುಗಿಯುವವರೆಗೂ ಜೊತೆಗಿರುವುದು ನನ್ನ ಕೆಲಸ. ಇದರಲ್ಲಿ ನಾನು ಬಿಡದೆ ಪಾಲಿಸುವುದು ಒಂದೇ ನಿಯಮ. ಮಗುವಿಗೆ ‘ದುಃಖ ತೋರಿಸು’, ‘ಹೆದರಿದ ಹಾಗೆ ಮಾಡು’ ಅನ್ನುವುದಿಲ್ಲ. ಹಾಗಂದ ಕೂಡಲೇ ಹುಬ್ಬು ಮೇಲೇರುತ್ತದೆ, ತುಟಿ ಜೋಲುತ್ತದೆ, ಶಾಟ್ ಅಲ್ಲಿಗೇ ಸತ್ತಿತು. ಅದರ ಬದಲು ಮಾಡಲು ಏನಾದರೂ ಕೆಲಸ ಕೊಡುತ್ತೇನೆ.

ಇದು ನನ್ನ ಹೊಸ ಶೋಧವೇನಲ್ಲ. ‘ಪಥೇರ್ ಪಾಂಚಾಲಿ’ಯಲ್ಲಿ (1955) ಅಪು ಬಿಳಿ ಕಾಶದ ಹುಲ್ಲಿನ ನಡುವೆ ಅಕ್ಕನನ್ನು ಹುಡುಕುತ್ತಾ ಬರುವ ದೃಶ್ಯವಿದೆಯಲ್ಲ, ಅದಕ್ಕೆ ಸತ್ಯಜಿತ್ ರೇ ಮಾಡಿದ್ದು ಇಷ್ಟೇ: ಹುಡುಗ ನಡೆಯುವ ದಾರಿಯಲ್ಲಿ ಕಡ್ಡಿಗಳನ್ನು ಇಟ್ಟು ದಾಟಿಸಿದರು, ಬೇರೆ ಬೇರೆ ಕಡೆ ಸಹಾಯಕರನ್ನು ನಿಲ್ಲಿಸಿ ಒಬ್ಬರಾದ ಮೇಲೆ ಒಬ್ಬರು ಹೆಸರು ಕೂಗುವಂತೆ ಮಾಡಿದರು. ಅಪು ಪಾತ್ರದ ಸುಬೀರ್ ಬ್ಯಾನರ್ಜಿ ದನಿ ಬಂದ ಕಡೆ ತಿರುಗಿದ, ನಿಂತ, ಮತ್ತೆ ನಡೆದ. ನೋಡುವ ನಮಗೆ ಅದು ಹುಡುಕಾಟ. ನಮ್ಮ ‘ಬೆಟ್ಟದ ಹೂವು’ (1985) ಚಿತ್ರವನ್ನು ಇದೇ ಕಣ್ಣಿನಿಂದ ನೋಡಿ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ ಆ ಚಿತ್ರದಲ್ಲಿ ಪುನೀತ್ ಮಾಡಿದ ರಾಮು ಕಾಡು ಅಲೆದು ಹೂವು ಹುಡುಕುತ್ತಾನೆ, ಪುಸ್ತಕ ಕೊಳ್ಳಲು ಕಾಸು ಕೂಡಿಡುತ್ತಾನೆ. ಹುಡುಗನ ಕೈಕಾಲಿಗೆ ಸದಾ ಏನೋ ಒಂದು ಕೆಲಸ. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅಷ್ಟು ಸಹಜವಾಗಿ ಬರಲು ಹುಡುಗನ ಪ್ರತಿಭೆಯಷ್ಟೇ ಪಾತ್ರ ಬರೆದ ರೀತಿಯೂ ಕಾರಣ ಎಂಬುದು ನನ್ನ ಲೆಕ್ಕ.

ಆಡಿಷನ್‌ನಲ್ಲಿ ಡೈಲಾಗ್ ಹೇಳಿಸುವುದಿಲ್ಲ. ಅಪ್ಪ ಅಮ್ಮ ಹೊರಗಿರಬೇಕು, ಬಾಗಿಲು ಮಾತ್ರ ತೆರೆದಿರಬೇಕು. ಒಂದು ಮಗುವಿಗೆ ಇಪ್ಪತ್ತು ನಿಮಿಷ. ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಏನೇನು ಸಿಗುತ್ತದೆ ಎಂದು ಕೇಳುತ್ತೇನೆ. ಆಮೇಲೆ ಬಟಾಣಿ ಬಿಡಿಸಲು ಕೊಟ್ಟು, ಪಕ್ಕದಲ್ಲಿ ಕೂತು, ‘ನಿನ್ನ ಫ್ರೆಂಡು ನಾಳೆಯಿಂದ ಶಾಲೆಗೆ ಬರಲ್ವಂತೆ, ಊರು ಬಿಟ್ಟು ಹೋಗ್ತಾರಂತೆ’ ಎಂದು ಆಟದ ಹಾಗೆ ಹೇಳುತ್ತೇನೆ. ಆಟ ಅಂತ ಮಗುವಿಗೂ ಗೊತ್ತಿರಬೇಕು. ಆಗ ನೋಡಬೇಕಾದ್ದು ಮುಖವನ್ನಲ್ಲ, ಬೆರಳುಗಳನ್ನು. ಕೆಲವು ಮಕ್ಕಳ ಕೈ ನಿಧಾನವಾಗುತ್ತದೆ, ಕಾಳು ಬಟ್ಟಲಿನ ಬದಲು ಸಿಪ್ಪೆಯ ಕಡೆ ಬೀಳುತ್ತದೆ. ಅಂಥ ಮಗು ಮಾತು ಕೇಳಿಸಿಕೊಳ್ಳುತ್ತಿದೆ ಎಂದರ್ಥ. ಕೇಳಿಸಿಕೊಳ್ಳಲು ಬರುವ ಮಗು ಸಿಕ್ಕರೆ ಉಳಿದದ್ದನ್ನು ಕಲಿಸಬಹುದು. ‘ಘಟಶ್ರಾದ್ಧ’ದ (1977) ನಾಣಿಯನ್ನು ನೆನಪಿಸಿಕೊಳ್ಳಿ. ಆ ಪಾತ್ರದ ದೊಡ್ಡ ಕೆಲಸವೇ ಯಮುನಕ್ಕನ ಸುತ್ತ ನಡೆಯುವುದನ್ನು ನೋಡುವುದು, ಕೇಳುವುದು. ಅರ್ಥವಾಗದ್ದನ್ನು ಅರ್ಥವಾಗದ ಹಾಗೇ ನೋಡಿದ್ದರಿಂದಲೇ ನಾಣಿ ಮಾಡಿದ ಅಜಿತ್ ಕುಮಾರ್ ಇಂದಿಗೂ ನೆನಪಿನಲ್ಲಿದ್ದಾನೆ.

ಟೀವಿ ಸ್ಪರ್ಧೆಗಳಲ್ಲಿ ಪಳಗಿದ ಮಕ್ಕಳು ಬಂದರೆ ನನಗೆ ಕೆಲಸ ಜಾಸ್ತಿ. ಮಾತಿಗೆ ರಾಗ ಹತ್ತಿರುತ್ತದೆ, ಪ್ರತಿ ವಾಕ್ಯದ ಕೊನೆಗೆ ಚಪ್ಪಾಳೆಗೆಂದು ಕಾಯುತ್ತಾರೆ. ತಪ್ಪು ಮಕ್ಕಳದ್ದಲ್ಲ, ಬಿಡಿ.

ವಯಸ್ಸಿನ ವಿಷಯದಲ್ಲಿ ಪಾತ್ರಕ್ಕಿಂತ ಒಂದೆರಡು ವರ್ಷ ದೊಡ್ಡ, ಆದರೆ ಸಣ್ಣ ಮೈಕಟ್ಟಿನ ಮಗು ಅನುಕೂಲ. ಆರರಿಂದ ಎಂಟರ ಒಳಗಿನವರಾದರೆ ಮುಂದಿನ ಹಲ್ಲು ಅಲ್ಲಾಡುತ್ತಿದೆಯಾ ಎಂದು ಮೊದಲೇ ನೋಡಿಕೊಳ್ಳಿ. ಎರಡು ಶೆಡ್ಯೂಲ್ ನಡುವೆ ಹಲ್ಲು ಬಿದ್ದರೆ ಕಂಟಿನ್ಯುಟಿ ಹೋಯಿತು, ಒಂದೇ ದೃಶ್ಯದಲ್ಲಿ ಹಲ್ಲು ಬಂದು ಹೋಗಿ ಮಾಡುತ್ತದೆ. ಅಲ್ಲಾಡುತ್ತಿದ್ದರೆ ಕ್ಲೋಸಪ್‌ಗಳನ್ನೆಲ್ಲ ಮೊದಲ ಶೆಡ್ಯೂಲ್‌ನಲ್ಲೇ ಮುಗಿಸಿಕೊಳ್ಳಬೇಕು. ಹನ್ನೆರಡು ಹದಿಮೂರರ ಹುಡುಗರಲ್ಲಿ ಇದೇ ತೊಂದರೆ ದನಿಯದ್ದು.

ವರ್ಕ್‌ಶಾಪ್ ಹತ್ತು ದಿನ, ದಿನಕ್ಕೆ ಎರಡು ಗಂಟೆ. ಮೊದಲ ನಾಲ್ಕು ದಿನ ಕಥೆಯ ಸುದ್ದಿಯೇ ಇಲ್ಲ, ಬರೀ ಆಟ. ಮೂಲೆಯಲ್ಲಿ ಸ್ಟ್ಯಾಂಡಿಗೆ ಹಾಕಿದ ಒಂದು ಕ್ಯಾಮೆರಾ ಓಡುತ್ತಲೇ ಇರುತ್ತದೆ. ಮೊದಲ ದಿನ ಎಲ್ಲರ ಕಣ್ಣೂ ಅದರ ಮೇಲೆ, ಆಮೇಲೆ ಅದು ಗೋಡೆಯ ಕ್ಯಾಲೆಂಡರ್ ಇದ್ದ ಹಾಗೆ. ತಾಯಿ ಪಾತ್ರದವರು ಕೊನೇಪಕ್ಷ ಮೂರು ದಿನ ಬರಲೇಬೇಕು. ಬಂದು ಡೈಲಾಗ್ ಹೇಳಬೇಕಿಲ್ಲ, ತಲೆ ಬಾಚಲಿ, ಊಟ ಬಡಿಸಲಿ. ಸಲುಗೆ ಇಲ್ಲದ ಅಮ್ಮನ ಮಡಿಲಲ್ಲಿ ಮಗುವಿನ ಬೆನ್ನು ನೆಟ್ಟಗಿರುತ್ತದೆ, ಎಂಥ ಲೈಟಿಂಗ್ ಮಾಡಿದರೂ ಅದು ಮುಚ್ಚುವುದಿಲ್ಲ. ಪಾತ್ರದ ಚಪ್ಪಲಿಯನ್ನೂ ಇಲ್ಲೇ ಕೊಟ್ಟುಬಿಡುತ್ತೇನೆ. ಹೊಸ ಚಪ್ಪಲಿಯ ನಡಿಗೆ ಪರದೆಯಲ್ಲಿ ಗೊತ್ತಾಗುತ್ತದೆ.

ಸ್ಕ್ರಿಪ್ಟ್ ಮನೆಗೆ ಕಳಿಸುವುದಿಲ್ಲ. ಕಳಿಸಿದರೆ ಅಮ್ಮಂದಿರು ರಾತ್ರಿ ಕೂರಿಸಿ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತಾರೆ. ಒಮ್ಮೆ ಏರಿಳಿತ ಕೂತರೆ ಬಿಡಿಸುವುದು ಕಷ್ಟ, ಎದುರಿನವರು ಏನು ಹೇಳಿದರೂ ಮಗು ಅದೇ ರಾಗದಲ್ಲಿ ಉತ್ತರಿಸುತ್ತದೆ. ಜಪಾನಿನ ನಿರ್ದೇಶಕ ಹಿರೋಕಾಝು ಕೋರೆ-ಎಡ ತಮ್ಮ ಹಲವು ಚಿತ್ರಗಳಲ್ಲಿ ಮಕ್ಕಳಿಗೆ ಸ್ಕ್ರಿಪ್ಟ್ ಕೊಡದೆ, ಮಾತನ್ನು ಆಗಿನದಾಗ ಕಿವಿಯಲ್ಲಿ ಹೇಳಿಕೊಟ್ಟಿದ್ದಾರೆ. ಅವರ ‘ನೋಬಡಿ ನೋಸ್’ ಚಿತ್ರಕ್ಕೆ 2004ರ ಕಾನ್ ಉತ್ಸವದಲ್ಲಿ ಯೂಯ ಯಾಗಿರಾ ಅತ್ಯುತ್ತಮ ನಟ ಪ್ರಶಸ್ತಿ ಪಡೆದಾಗ ಅವನಿಗೆ 14 ವರ್ಷ. ನಾನು ಮಾಡುವುದು ಅದಕ್ಕಿಂತ ಸ್ವಲ್ಪ ಬೇರೆ. ದೃಶ್ಯವನ್ನು ಕಥೆಯಾಗಿ ಹೇಳಿ, ‘ನೀನಾಗಿದ್ರೆ ಏನಂತಿದ್ದೆ?’ ಎಂದು ಕೇಳಿ, ಮಗು ಹೇಳಿದ್ದನ್ನು ಡೈಲಾಗ್ ಬರೆದವರಿಗೆ ಕೊಡುತ್ತೇನೆ. ಮಂಡ್ಯದ ಹುಡುಗನ ಬಾಯಿಗೆ ಧಾರವಾಡದ ಮಾತು ತುರುಕುವುದಕ್ಕಿಂತ ಪಾತ್ರದ ಊರನ್ನು ಬದಲಿಸುವುದೇ ಸುಲಭ. ಏಳೆಂಟು ಪದಕ್ಕಿಂತ ಉದ್ದದ ವಾಕ್ಯವಿದ್ದರೆ ಮಧ್ಯೆ ಒಂದು ಕ್ರಿಯೆ ಇಟ್ಟು ಒಡೆಯುತ್ತೇನೆ: ಅರ್ಧ ಹೇಳು, ಚೊಂಬು ಕೆಳಗಿಡು, ಉಳಿದರ್ಧ ಹೇಳು.

ಸೆಟ್‌ನಲ್ಲಿ ಮಗುವಿಗೆ ಹೇಳುವವರು ಒಬ್ಬರೇ ಇರಬೇಕು. ನಿರ್ದೇಶಕರು ಒಂದು, ಕ್ಯಾಮೆರಾದವರು ಒಂದು, ಅಪ್ಪ ಇನ್ನೊಂದು ಹೇಳಿದರೆ ಮಗು ಮೂವರ ಮುಖವನ್ನೂ ನೋಡುತ್ತಾ ನಿಲ್ಲುತ್ತದೆ. ಶಾಟ್ ಶುರುವಿಗೆ ಮುಖದ ಮುಂದೆ ಕ್ಲಾಪ್ ಬೋರ್ಡು ಹೊಡೆಯಿಸುವುದಿಲ್ಲ, ಬೆಚ್ಚಿ ಬೀಳುತ್ತಾರೆ ಇಲ್ಲವೇ ನಗುತ್ತಾರೆ. ಸದ್ದಿಲ್ಲದೆ ರೋಲ್ ಮಾಡಿ, ಕೊನೆಯಲ್ಲಿ ಬೋರ್ಡು ತಲೆಕೆಳಗಾಗಿ ಹಿಡಿದು ಎಂಡ್ ಕ್ಲಾಪ್ ಹೊಡೆದರೆ ಸಾಕು. ನಿಲ್ಲುವ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿದರೆ ಮಗು ನಡೆಯುತ್ತಾ ಕೆಳಗೇ ನೋಡುತ್ತದೆ. ಫ್ರೇಮಿಗೆ ಕಾಣದಂತೆ ಒಂದು ಮರಳಿನ ಚೀಲ ಇಡಿ, ಕಾಲಿಗೆ ತಗುಲಿದಾಗ ನಿಲ್ಲಲಿ. ಎಂಟು ವರ್ಷದ ಮಗುವಿನ ಕಣ್ಣು ನೆಲದಿಂದ ಮೂರೂವರೆ ನಾಲ್ಕು ಅಡಿ ಎತ್ತರದಲ್ಲಿರುತ್ತದೆ. ಲೆನ್ಸೂ ಅಲ್ಲಿಗೆ ಇಳಿಯಬೇಕು. ದೊಡ್ಡವರ ಎತ್ತರದಿಂದ ತೆಗೆದರೆ ಎಂಥ ಅಭಿನಯವೂ ಮುದ್ದು ಮುದ್ದಾಗಿ ಕಂಡು ತೂಕ ಕಳೆದುಕೊಳ್ಳುತ್ತದೆ.

ಚಾಕೊಲೇಟ್ ಆಸೆ ತೋರಿಸುವವರನ್ನು ದೂರ ಇಡಿ. ಟೇಕ್ ಮಧ್ಯೆ ಮಗುವಿನ ಕಣ್ಣು ಅವರ ಜೇಬಿನ ಮೇಲಿರುತ್ತದೆ. ಮಾನಿಟರ್‌ನಲ್ಲಿ ಶಾಟ್ ತೋರಿಸುವುದೂ ಬೇಡ, ಮುಂದಿನ ಟೇಕ್‌ಗೆ ತನ್ನ ಮುಖವನ್ನು ತಾನೇ ತಿದ್ದಲು ಹೊರಡುತ್ತದೆ. ನಾಲ್ಕನೇ ಟೇಕ್ ದಾಟಿದ ಮೇಲೆ ಮಗು ಹಿಂದಿನ ಟೇಕನ್ನು ನಕಲು ಮಾಡಲು ಶುರು ಮಾಡುತ್ತದೆ. ಅಲ್ಲಿಗೆ ನಿಲ್ಲಿಸಿ, ಕೈಯಲ್ಲಿನ ಕೆಲಸ ಬದಲಿಸಬೇಕು.

ಅಳುವ ದೃಶ್ಯದಲ್ಲೇ ಹೆಚ್ಚು ಅನ್ಯಾಯ ನಡೆಯುವುದು. ‘ಸ್ಕಿಪ್ಪಿ’ (1931) ಚಿತ್ರಕ್ಕಾಗಿ ಬಾಲನಟ ಜಾಕಿ ಕೂಪರ್‌ನನ್ನು ಅಳಿಸಲು, ಅವನ ನಾಯಿಯನ್ನು ಗುಂಡಿಕ್ಕಿ ಕೊಲ್ಲುತ್ತೇವೆ ಎಂದು ಹೆದರಿಸಿದ್ದರು. ಐವತ್ತು ವರ್ಷದ ಮೇಲೆ ಬರೆದ ಆತ್ಮಕಥೆಗೆ ಕೂಪರ್ ‘ದಯವಿಟ್ಟು ನನ್ನ ನಾಯಿಗೆ ಗುಂಡು ಹೊಡೆಯಬೇಡಿ’ ಎಂಬ ಅರ್ಥದ ಹೆಸರನ್ನೇ ಇಟ್ಟರು. ನೀತಿಯ ಮಾತು ಹಾಗಿರಲಿ, ಲಾಭದ ಲೆಕ್ಕದಲ್ಲೂ ಇದು ದಂಡ. ಇವತ್ತು ಹೆದರಿಸಿದ ಮಗು ನಾಳೆ ವ್ಯಾನಿನಿಂದ ಇಳಿಯುವುದಿಲ್ಲ. ಗ್ಲಿಸರಿನ್ ಮಕ್ಕಳ ಕಣ್ಣಿಗೆ ನಾನು ಹಾಕಿಸುವುದಿಲ್ಲ. ಉರಿಗೆ ಉಜ್ಜಿಕೊಂಡು ಮೇಕಪ್ಪೂ ಹೋಗುತ್ತದೆ. ಅಳುವ ಬದಲು ಅಳು ತಡೆಯುವ ಕೆಲಸ ಕೊಡುತ್ತೇನೆ: ಬಾಯಲ್ಲಿ ಅನ್ನದ ತುತ್ತು ಇಟ್ಟುಕೊಂಡು ಮೂಗಿನಲ್ಲಿ ಜೋರಾಗಿ ಉಸಿರೆಳೆದುಕೊ, ಎದುರಿಗಿರುವವರನ್ನು ನೋಡಬೇಡ, ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತಾ ಇರು. ಕಣ್ಣೀರು ಬೇಕೇಬೇಕಾದರೆ ಕೆನ್ನೆಯ ಮೇಲೆ ಒಂದು ಹನಿ ನೀರು ಸಾಕು. ಬಿಕ್ಕಿ ಅಳುವುದಿದ್ದರೆ ಬೆನ್ನ ಹಿಂದಿನಿಂದ ತೆಗೆದು, ಸದ್ದನ್ನು ಆಮೇಲೆ ಸೇರಿಸಿಕೊಳ್ಳಬಹುದು.

ಇನ್ನು ಸಮಯ. 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳ ಪ್ರಕಾರ ಮಗು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿಶ್ರಾಂತಿ ಇಲ್ಲದೆ ಮೂರು ಗಂಟೆಗಿಂತ ಹೆಚ್ಚು, ಸತತ 27 ದಿನಕ್ಕಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಐದು ಮಕ್ಕಳಿಗೆ ಒಬ್ಬರಾದರೂ ಹೊಣೆಗಾರರು ಇರಬೇಕು. ಸಂಭಾವನೆಯಲ್ಲಿ ಶೇ. 20ರಷ್ಟಾದರೂ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿಗೆ ಹೋಗಬೇಕು. ಮೇಕಪ್ ಹಾಕಿಕೊಂಡು ಕಾಯುವ ಹೊತ್ತನ್ನೂ ನಾನು ಆ ಐದು ಗಂಟೆಯಲ್ಲೇ ಹಿಡಿಯುತ್ತೇನೆ. ಹಾಗಾಗಿ ಕಾಲ್‌ಶೀಟ್ ಒಂಬತ್ತಕ್ಕಿದ್ದರೆ ಲೈಟಿಂಗನ್ನು ಅದೇ ಎತ್ತರದ ಡೂಪ್ ನಿಲ್ಲಿಸಿ ಮುಗಿಸಿಟ್ಟಿರಬೇಕು. ಮೊದಲು ವೈಡ್, ಅಂದರೆ ಇಡೀ ದೃಶ್ಯ ಕಾಣುವ ಶಾಟ್, ಅದೇ ಮಗುವಿಗೆ ರಿಹರ್ಸಲ್. ಹಿಂದೆಯೇ ಮಗುವಿನ ಕ್ಲೋಸಪ್. ದೊಡ್ಡವರ ಕ್ಲೋಸ್ ಮಧ್ಯಾಹ್ನ ಎರಡರ ಮೇಲೆ, ಮಗು ಮನೆಗೆ ಹೋದ ನಂತರ.

ಡಬ್ಬಿಂಗ್ ಮಾಡುವ ಚಿತ್ರವಾದರೆ ಪ್ರತಿ ದೃಶ್ಯ ಮುಗಿದ ಕೂಡಲೇ ಪಕ್ಕದ ಕೋಣೆಯಲ್ಲಿ, ಫ್ಯಾನ್ ಆರಿಸಿ, ಮಗುವಿನ ಮಾತುಗಳನ್ನು ಎರಡೆರಡು ಸಲ ವೈಲ್ಡ್ ಟ್ರ್ಯಾಕ್ (ಕ್ಯಾಮೆರಾ ಇಲ್ಲದೆ ಬರೀ ದನಿಯ ರೆಕಾರ್ಡಿಂಗ್) ತೆಗೆದುಕೊಳ್ಳಿ. ಐದು ತಿಂಗಳ ಮೇಲೆ ಸ್ಟುಡಿಯೋದಲ್ಲಿ ನಿಂತಾಗ ಹುಡುಗನ ದನಿ ಒಡೆದಿದ್ದರೆ ಕೈಯಲ್ಲಿ ಅದಾದರೂ ಇರುತ್ತದೆ.