ಸರೋಗೇಟ್ ಮಾಡೆಲ್ ಎಕ್ಸ್‌ಪೋರ್ಟ್ ಮಾಡುವಾಗ ಫೈಲ್ ಜೊತೆ ಏನೇನು ಹೋಗಬೇಕು

ಪೂರ್ತಿ ಸಿಮ್ಯುಲೇಶನ್ ಓಡಿಸೋಕೆ ಗಂಟೆಗಟ್ಟಲೆ ಹಿಡಿಯುತ್ತದೆ ಅಂತ ತಾನೇ ಸರೋಗೇಟ್ ಮಾಡೆಲ್, ಅಂದರೆ ಅದರ ಉತ್ತರವನ್ನು ಬೇಗ ಅಂದಾಜು ಮಾಡುವ ಹಗುರ ಮಾಡೆಲ್, ಮಾಡಿಕೊಂಡಿದ್ದು? ಈಗ ಅದನ್ನು ಪೈಥಾನ್‌ಗೋ ಸಿಮ್ಯುಲಿಂಕ್‌ಗೋ ಒಯ್ಯಬೇಕು. ಎಕ್ಸ್‌ಪೋರ್ಟ್ ಮಾಡೋದು ದೊಡ್ಡ ವಿಷಯವಲ್ಲ. ಫೈಲ್ ಜೊತೆ ಹೋಗಬೇಕಾದ ಮಾಹಿತಿ ಹಿಂದೆ ಉಳಿದುಬಿಡುತ್ತದೆ, ತೊಂದರೆ ಇರೋದೇ ಅಲ್ಲಿ.

ಮೊದಲು ಮಾಡೆಲ್ ಯಾವ ಬಗೆಯದು ನೋಡಿ. ಪಾಲಿನಾಮಿಯಲ್ ಆದರೆ ಗುಣಾಂಕಗಳನ್ನು ಸಿಎಸ್‌ವಿಗೆ ಹಾಕಿದರೆ ಸಾಕು, ಎಕ್ಸೆಲ್‌ನಲ್ಲೂ ಲೆಕ್ಕ ಹಾಕಬಹುದು. ನ್ಯೂರಲ್ ನೆಟ್‌ವರ್ಕ್‌ಗೆ ಒಎನ್‌ಎನ್‌ಎಕ್ಸ್ (ಬೇರೆ ಬೇರೆ ಟೂಲ್‌ಗಳು ಓದಬಲ್ಲ ಫೈಲ್ ಫಾರ್ಮ್ಯಾಟ್) ಒಳ್ಳೆಯದು, ಆದರೆ ಓದುವ ಕಡೆಯ ರನ್‌ಟೈಮ್ ಹಳೆಯದಾಗಿದ್ದರೆ ಹೊಸ ಆಪ್‌ಸೆಟ್ (ಮಾಡೆಲ್ ಬಳಸುವ ಲೆಕ್ಕದ ಕ್ರಿಯೆಗಳ ಆವೃತ್ತಿ) ಅದಕ್ಕೆ ಅರ್ಥವಾಗುವುದಿಲ್ಲ. ಗಾಸಿಯನ್ ಪ್ರೋಸೆಸ್ (ಉತ್ತರದ ಜೊತೆ ಅದರ ಅನಿಶ್ಚಿತತೆಯನ್ನೂ ಹೇಳಬಲ್ಲ ಮಾಡೆಲ್) ಸ್ವಲ್ಪ ಭಾರ, ಯಾಕೆಂದರೆ ಅದು ತರಬೇತಿಯ ಪಾಯಿಂಟ್‌ಗಳನ್ನೂ ಹೊತ್ತುಕೊಂಡೇ ಬರುತ್ತದೆ. 1000 ಪಾಯಿಂಟ್ ಇದ್ದು ಅನಿಶ್ಚಿತತೆಯೂ ಬೇಕು ಅಂದರೆ 1000×1000ರ ಮ್ಯಾಟ್ರಿಕ್ಸ್ ಕೂಡ ಬೇಕಾಗುತ್ತದೆ, ಅಂದರೆ ಸುಮಾರು 8 ಎಂಬಿ. ಬರೀ ಸರಾಸರಿ ಉತ್ತರ ಸಾಕು ಅಂದರೆ ಆ ಮ್ಯಾಟ್ರಿಕ್ಸ್ ಬಿಟ್ಟುಬಿಡಿ.

ಸಿಸ್ಟಮ್ ಸಿಮ್ಯುಲೇಶನ್‌ಗೆ ಸೇರಿಸುವುದಿದ್ದರೆ ಎಫ್‌ಎಂಯು (ಒಂದು ಟೂಲ್‌ನಿಂದ ಇನ್ನೊಂದಕ್ಕೆ ಮಾಡೆಲ್ ಒಯ್ಯುವ ಪ್ಯಾಕೇಜ್) ಆರಿಸಿಕೊಳ್ಳಿ. ಅದು ನಿಜಕ್ಕೂ ಒಂದು ಜಿಪ್ ಫೈಲ್. ತೆರೆದು ಬೈನರೀಸ್ ಫೋಲ್ಡರ್ ನೋಡಿ: ವಿಂಡೋಸ್‌ನದು ಮಾತ್ರ ಇದ್ದರೆ ಲಿನಕ್ಸ್ ಸರ್ವರ್‌ನಲ್ಲಿ ಓಡುವುದಿಲ್ಲ. ಎಫ್‌ಎಂಯು ಪಾಲಿಸುವ ಮಾನದಂಡವಾದ ಎಫ್‌ಎಂಐನ 2.0 ಮತ್ತು 3.0 ಬೇರೆ ಬೇರೆ, ಆ ಕಡೆಯ ಟೂಲ್ ಯಾವುದನ್ನು ಓದುತ್ತದೆ ಅಂತ ಮೊದಲೇ ಕೇಳಿಕೊಳ್ಳಿ.

ಜಾಸ್ತಿ ಜನ ಎಡವೋದು ಸ್ಕೇಲಿಂಗ್‌ನಲ್ಲಿ. ಒಂದು ಹೀಟ್‌ಸಿಂಕ್ ಮಾಡೆಲ್ ಇದೆ ಅಂದುಕೊಳ್ಳಿ, ಗಾಳಿಯ ವೇಗ ಸೆಕೆಂಡಿಗೆ 1ರಿಂದ 5 ಮೀಟರ್, ತರಬೇತಿಗೆ ಮುಂಚೆ ಅದನ್ನು −1ರಿಂದ 1ಕ್ಕೆ ಇಳಿಸಲಾಗಿದೆ. ವೇಗ 3 ಅಂದರೆ ಮಾಡೆಲ್‌ಗೆ ಹೋಗಬೇಕಾದದ್ದು 0. ನೀವು ಸುಮ್ನೆ 3 ಅಂತ ಕೊಟ್ಟರೆ ಅದು 9 ಮೀಟರ್ ವೇಗ ಅಂದುಕೊಳ್ಳುತ್ತದೆ! ಎರರ್ ಏನೂ ಬರುವುದಿಲ್ಲ, ನಂಬುವಂಥ ಒಂದು ಸಂಖ್ಯೆ ಬರುತ್ತದೆ ಅಷ್ಟೇ. ಹಾಗಾಗಿ ಇನ್‌ಪುಟ್‌ಗಳ ಕ್ರಮ, ಯೂನಿಟ್, ಕನಿಷ್ಠ, ಗರಿಷ್ಠ, ಔಟ್‌ಪುಟ್ ಸ್ಕೇಲಿಂಗ್ ಎಲ್ಲವನ್ನೂ ಒಂದು ಜೇಸನ್ (JSON) ಪಠ್ಯ ಫೈಲಿಗೆ ಹಾಕಿ ಮಾಡೆಲ್ ಜೊತೆಗೇ ಇಡಿ. ಆಗುವುದಾದರೆ ಸ್ಕೇಲಿಂಗನ್ನು ಮಾಡೆಲ್ ಒಳಗೇ ಒಂದು ಲೇಯರ್ ಆಗಿ ಸೇರಿಸಿಬಿಡಿ, ಆಮೇಲೆ ಯಾರೂ ಮರೆಯುವ ಪ್ರಶ್ನೆಯೇ ಇಲ್ಲ.

ತರಬೇತಿಯ ವ್ಯಾಪ್ತಿ ದಾಟಿದ ಇನ್‌ಪುಟ್ ಬಂದರೆ ಎಚ್ಚರಿಕೆ ಕೊಡುವ ಎರಡು ಸಾಲು ಕೋಡ್ ನೀವೇ ಬರೆಯಿರಿ.

ಕೊನೆಗೆ ತಾಳೆ ನೋಡಿ. ವ್ಯಾಪ್ತಿಯ ಮೂಲೆಗಳೂ ಸೇರಿದ ಹಾಗೆ ಒಂದಿಪ್ಪತ್ತು ಪಾಯಿಂಟ್ ತೆಗೆದುಕೊಂಡು, ಎಕ್ಸ್‌ಪೋರ್ಟ್ ಆದ ಮಾಡೆಲ್‌ನ ಉತ್ತರವನ್ನು ಮೂಲ ಸಾಫ್ಟ್‌ವೇರ್ ಒಳಗಿನ ಸರೋಗೇಟ್ ಕೊಟ್ಟ ಉತ್ತರದ ಜೊತೆ ಹೋಲಿಸಿ. ಪೂರ್ತಿ ಸಿಮ್ಯುಲೇಶನ್ ಜೊತೆ ಹೋಲಿಸಬೇಡಿ, ತರಬೇತಿಯ ತಪ್ಪೋ ಎಕ್ಸ್‌ಪೋರ್ಟ್ ತಪ್ಪೋ ಗೊತ್ತಾಗುವುದಿಲ್ಲ. ಎಲ್ಲ ಕಡೆ 273.15 ವ್ಯತ್ಯಾಸ ಬಂದರೆ ಕೆಲ್ವಿನ್, ಸೆಲ್ಸಿಯಸ್ ಗೊಂದಲ. ಉತ್ತರಕ್ಕೆ ತಲೆಬುಡವೇ ಇಲ್ಲ ಅಂದರೆ ಇನ್‌ಪುಟ್ ಕ್ರಮ ಅದಲುಬದಲಾಗಿರಬಹುದು. ಏಳನೇ ಅಂಕಿಯಲ್ಲಿ ಮಾತ್ರ ಚೂರು ವ್ಯತ್ಯಾಸ ಇದ್ದರೆ ಅದು ಫ್ಲೋಟ್ 32ರ (ಸುಮಾರು ಏಳು ಅಂಕಿಯಷ್ಟೇ ನಿಖರವಾದ ಸಂಖ್ಯಾ ರೂಪ) ಕಥೆ, ತಲೆ ಕೆಡಿಸಿಕೊಳ್ಳಬೇಡಿ.