ಸುಣ್ಣಕಲ್ಲಿನ ಪದರಕ್ಕೆ ಸರಿಯಾದ ಹೆಸರು ಕೊಡುವುದು ಹೇಗೆ?

ಆಸ್ಟ್ರಿಯದ ಆಲ್ಪ್ಸ್‌ನಲ್ಲಿ ವೆಟ್ಟರ್‌ಸ್ಟೈನ್ ಸುಣ್ಣಕಲ್ಲೂ ಡಾಖ್‌ಸ್ಟೈನ್ ಸುಣ್ಣಕಲ್ಲೂ ದೂರಕ್ಕೆ ಒಂದೇ ತೆರನ ಬೂದುಬಿಳಿ ಗೋಡೆಗಳು. ಮೊದಲನೆಯದು ಟ್ರಯಾಸಿಕ್ ಕಾಲದ (ಸುಮಾರು 25ರಿಂದ 20 ಕೋಟಿ ವರ್ಷಗಳ ಹಿಂದಿನದು) ನಡುಭಾಗದ್ದು, ಎರಡನೆಯದು ಅದೇ ಕಾಲದ ಕೊನೆಯದು. ಆದ್ದರಿಂದ ಬಣ್ಣ ನೋಡಿ ಹೆಸರು ಬರೆಯಬೇಡಿ.

ಆಮ್ಲ. ಹೊಸದಾಗಿ ಒಡೆದ ಮುಖದ ಮೇಲೆ ಶೇ 10ರ ಹೈಡ್ರೋಕ್ಲೋರಿಕ್ ಆಮ್ಲ ಒಂದು ಹನಿ. ಜೋರಾಗಿ ನೊರೆ ಬಂದರೆ ಸುಣ್ಣಕಲ್ಲು. ಸುಣ್ಣಕಲ್ಲಿನಂತೆಯೇ ಕಾಣುವ, ಮೆಗ್ನೀಶಿಯಂ ಸೇರಿದ ಡಾಲಮೈಟ್ ಕಲ್ಲು ಪುಡಿಯಾದಾಗಷ್ಟೇ ಸರಿಯಾಗಿ ನೊರೆ ಬಿಡುತ್ತದೆ. ಸುತ್ತಿಗೆ ಬಿದ್ದ ಜಾಗದಲ್ಲಿ ಪುಡಿ ಇರುವುದರಿಂದ ಅಲ್ಲಿ ಹನಿ ಹಾಕಿದವರು ಮೋಸಹೋಗುತ್ತಾರೆ. ಮೊದಲು ನೀರಲ್ಲಿ ತೊಳೆಯಿರಿ. ಶೌಚಾಲಯ ತೊಳೆಯುವ ಆಮ್ಲ ಬೇಡವೇ ಬೇಡ, ಅದಕ್ಕೆ ಬಣ್ಣ ಬೆರೆಸಿರುತ್ತಾರೆ, ಸಾಂದ್ರತೆಯೂ ಒಂದೇ ಇರುವುದಿಲ್ಲ.

ಕಣ ಮತ್ತು ಕೆಸರು. ಹೆಚ್ಚಿನವರು ಕೆಡಿಸುವುದು ಇಲ್ಲೇ. ಕಣ ಅಂದರೆ ಚಿಪ್ಪಿನ ಚೂರು, ಉಂಡೆಗಳಂಥವು; ಕೆಸರು ಅಂದರೆ ಗಟ್ಟಿಯಾದ ನುಣ್ಣನೆಯ ಸುಣ್ಣದ ಕೆಸರು. 1962ರಲ್ಲಿ ಭೂವಿಜ್ಞಾನಿ ಡನ್‌ಹ್ಯಾಮ್ ಕೊಟ್ಟ ಸುಣ್ಣಕಲ್ಲುಗಳ ವಿಂಗಡಣೆ ಕೇಳುವ ಪ್ರಶ್ನೆ ಇದು: ಕಲ್ಲಿನ ಭಾರ ಹೊತ್ತದ್ದು ಕೆಸರೋ, ಕಣಗಳೋ? ಒದ್ದೆ ಮಾಡಿದ ಮುಖವನ್ನು 10 ಪಟ್ಟಿನ ಲೆನ್ಸ್‌ನಲ್ಲಿ ನೋಡಿ. ಪಾಯಸದ ಗೋಡಂಬಿಯಂತೆ ಕಣಗಳು ಕೆಸರಿನಲ್ಲಿ ತೇಲುತ್ತಿದ್ದರೆ ವ್ಯಾಕ್‌ಸ್ಟೋನ್. ಕಣಗಳು ಶೇ 10ಕ್ಕಿಂತ ಕಡಿಮೆಯಿದ್ದರೆ ಮಡ್‌ಸ್ಟೋನ್. (ನಮ್ಮ ನೆಲಕ್ಕೆ ಹಾಸುವ ನಯವಾದ ಶಹಾಬಾದ್ ಕಲ್ಲನ್ನು ಲೆನ್ಸ್‌ನಲ್ಲಿ ನೋಡಿದರೆ ಮಡ್‌ಸ್ಟೋನ್ ಕಣ್ಣಿಗೆ ರೂಢಿಯಾಗುತ್ತದೆ.) ಕಣಗಳು ಒಂದಕ್ಕೊಂದು ಆನಿಕೊಂಡು ಸಂದಿಯಲ್ಲಿ ಕೆಸರಿದ್ದರೆ ಪ್ಯಾಕ್‌ಸ್ಟೋನ್. ಕೆಸರೇ ಇಲ್ಲದೆ, ಶೇಂಗಾ ಚಿಕ್ಕಿಯ ಬೆಲ್ಲದಂತೆ ಹೊಳೆಯುವ ಹರಳು ತುಂಬಿದ್ದರೆ ಗ್ರೇನ್‌ಸ್ಟೋನ್. ಬೆಳೆಯುವಾಗಲೇ ಹವಳದಂಥ ಜೀವಿಗಳು ಕಟ್ಟಿಹಾಕಿದ್ದರೆ ಬೌಂಡ್‌ಸ್ಟೋನ್.

ಒಂದೇ ಕೊಯ್ತ ನಂಬಬೇಡಿ. ಉಂಡೆಗಳ ರಾಶಿಯನ್ನು ಅಡ್ಡ ಕೊಯ್ದರೆ ಬಹಳಷ್ಟು ಉಂಡೆಗಳು ಒಂದಕ್ಕೊಂದು ತಾಗುವ ಬಿಂದುಗಳು ಕೊಯ್ತದ ಆಚೆ ಉಳಿಯುತ್ತವೆ. ಪ್ಯಾಕ್‌ಸ್ಟೋನ್ ವ್ಯಾಕ್‌ಸ್ಟೋನ್‌ನಂತೆ ಕಾಣುತ್ತದೆ. ಪದರಕ್ಕೆ ಲಂಬವಾಗಿ ಎರಡು, ಸಮಾಂತರವಾಗಿ ಒಂದು ಮುಖ ನೋಡಿ. ಬಾಗಿದ ಉದ್ದ ಚಿಪ್ಪುಗಳು ಕಡಿಮೆ ಇದ್ದರೂ ಭಾರ ಹೊರುತ್ತವೆ, ಹಾಗಾಗಿ ಶೇಕಡಾ ಲೆಕ್ಕದಿಂದ ಇದನ್ನು ತೀರ್ಮಾನಿಸಲಾಗದು. ಹರಳುಗಟ್ಟಿದ ಹಳೆಯ ಕೆಸರೂ ಹೊಳೆಯುತ್ತದೆ, ಅನುಮಾನವಿದ್ದರೆ ಸೂಕ್ಷ್ಮದರ್ಶಕದಲ್ಲಿ ನೋಡಲು ಕಲ್ಲಿನ 0.03 ಮಿಲಿಮೀಟರ್ ದಪ್ಪದ ತೆಳುಹೋಳು ಮಾಡಿಸಿ.

ಪಳೆಯುಳಿಕೆ. ಹಸುವಿನ ಗೊರಸು ಒತ್ತಿದಂಥ ಗುರುತುಗಳು ಮೆಗಲೋಡಾನ್ ಎಂಬ ಜೋಡಿಚಿಪ್ಪಿನ ಕಡಲಜೀವಿಯವು (ಅದೇ ಹೆಸರಿನ ಶಾರ್ಕ್ ಅಲ್ಲ), ಡಾಖ್‌ಸ್ಟೈನ್‌ನ ಕುರುಹು. ವೆಟ್ಟರ್‌ಸ್ಟೈನ್‌ನಲ್ಲಿ ಕೊಳವೆಯಾಕಾರದ ಪಾಚಿಗಳನ್ನು ಹುಡುಕಿ.

ದಪ್ಪ. ಪದರಕ್ಕೆ ಲಂಬವಾಗಿಯೇ ಅಳೆಯಿರಿ. ಇಳಿಜಾರಿನ ಮೇಲೆ ಟೇಪ್ ಹಾಸಿ ಬಂದ ಅಂಕಿ ಪದರದ ದಪ್ಪವಲ್ಲ.

ಹೆಸರು. ಲೆನ್ಸ್‌ನಲ್ಲಿ ಸಿಕ್ಕಿದ್ದು ಕಲ್ಲಿನ ಜಾತಿ, ಪದರದ ಹೆಸರಲ್ಲ. ನಕ್ಷೆಯಲ್ಲಿ ಗುರುತಿಸಬಹುದಾದ, ಮೇಲಿನ ಕೆಳಗಿನ ಗಡಿ ಸ್ಪಷ್ಟವಿರುವ ರಾಶಿಗೆ ಮಾತ್ರ 'ಫಾರ್ಮೇಶನ್' ಪಟ್ಟ. ಅದಕ್ಕೆ ಊರಿನ ಅಥವಾ ಬೆಟ್ಟದ ಹೆಸರು ಮುಂದೆ, ಕಲ್ಲಿನ ಹೆಸರು ಹಿಂದೆ, ಜೊತೆಗೆ ಯಾರು ಬೇಕಾದರೂ ಹೋಗಿ ನೋಡಬಹುದಾದ ಮಾದರಿ ಸ್ಥಳ. ಆ ರಾಶಿಗೆ ಹಳೆಯ ಹೆಸರೊಂದು ಮೊದಲೇ ಪ್ರಕಟವಾಗಿದ್ದರೆ ಹೊಸದನ್ನು ಕಟ್ಟಲು ಹೋಗಬೇಡಿ.